ಹಾಗಲಕಾಯಿ ಬಿಟ್ಟ ನಲವತ್ತು ದಿನ

“ಚಾಕೊಲೇಟ್,” ಎಂದ ಮಟೇಯೋ. ಒಂದು ಕ್ಷಣ ಬಿಟ್ಟು, “ಡಾರ್ಕ್ ಚಾಕೊಲೇಟ್,” ಎಂದು ತಿದ್ದಿಕೊಂಡ.

“ಡಾರ್ಕ್ ಚಾಕೊಲೇಟ್ ನಿನಗೆ ಇಷ್ಟಾನಾ?” ಎಂದು ಕೇಳಿದರು ಟೀಚರ್ ಮಿಸೆಸ್ ಡೋನವನ್.

“ಇಲ್ಲ.”

“ಮತ್ತೆ?”

“ಸರಿ, ಎಲ್ಲಾ ಚಾಕೊಲೇಟು,” ಎಂದು ಮಟೇಯೋ ನಿಟ್ಟುಸಿರು ಬಿಟ್ಟ. ಕ್ಲಾಸು ನಕ್ಕಿತು.

ಅವತ್ತು ಬೂದಿ ಬುಧವಾರ. ಬೆಳಿಗ್ಗೆ ಸ್ಕೂಲಿನ ಪಕ್ಕದ ಚರ್ಚಿನಲ್ಲಿ ಫಾದರ್ ಎಲ್ಲರ ಹಣೆಗೂ ಬೂದಿಯಲ್ಲಿ ಶಿಲುಬೆ ಬರೆದಿದ್ದರು. ಮಟೇಯೋನ ಶಿಲುಬೆ ಆಗಲೇ ಜಾರಿ ಮೂಗಿನವರೆಗೆ ಬಂದಿತ್ತು.

ಅಂದಿನಿಂದ ಈಸ್ಟರ್ ಹಬ್ಬದವರೆಗೆ ಲೆಂಟ್. ಯೇಸು ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸ ಇದ್ದನಲ್ಲ, ಅದರ ನೆನಪಿಗೆ ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದನ್ನು ನಲವತ್ತು ದಿನ ಬಿಡಬೇಕು. ಇಷ್ಟವಾದದ್ದನ್ನೇ ಬಿಡಬೇಕು. ಅದನ್ನು ಮಿಸೆಸ್ ಡೋನವನ್ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದರು.

ಒಬ್ಬ ಐಪ್ಯಾಡ್ ಬಿಟ್ಟ. ಒಬ್ಬಳು ಚಿಪ್ಸ್ ಬಿಟ್ಟಳು. ಲಿನ್ ಎದ್ದು ನಿಂತು, “ಬಬಲ್ ಟೀ,” ಎಂದಳು.

ಕವನಾ ತಿರುಗಿ ನೋಡಿದಳು. ಲಿನ್ ಅವಳ ಬೆಸ್ಟ್ ಫ್ರೆಂಡ್. ಶುಕ್ರವಾರ ಸ್ಕೂಲ್ ಬಿಟ್ಟ ಮೇಲೆ ಲಿನ್‌ಳ ಅಮ್ಮ ಇಬ್ಬರನ್ನೂ ಕ್ರಾಸ್‌ರೋಡ್ಸ್ ಮಾಲ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಬಬಲ್ ಟೀ ಕುಡಿಯುವುದಕ್ಕೆಂದೇ ಲಿನ್ ಸೋಮವಾರದಿಂದ ಕಾಯುವಳು. ಅಂಥವಳು ಅದನ್ನೇ ಬಿಟ್ಟುಬಿಟ್ಟಳು.

ಮುಂದಿನ ಸರದಿ ಕವನಾಳದು. ಮಿಸೆಸ್ ಡೋನವನ್ ದನಿ ಮೆತ್ತಗಾಯಿತು.

“ಕವನಾ, ನೀನು ಬಿಡಲೇಬೇಕು ಅಂತೇನಿಲ್ಲ.”

ಆ ಕ್ಲಾಸಿನಲ್ಲಿ ಕವನಾ ಒಬ್ಬಳೇ ಹಿಂದೂ. ಹಾಗಾಗಿ ಈ ಮೆತ್ತಗಿನ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರಾರ್ಥನೆ ಬಾಯಿಪಾಠ ಮಾಡಲೇಬೇಕು ಅಂತೇನಿಲ್ಲ. ಹಾಡಲೇಬೇಕು ಅಂತೇನಿಲ್ಲ. ಎಲ್ಲರೂ ಕಿಕ್‌ಬಾಲ್ ಆಡುವಾಗ ಎಲ್ಲರ ಜಾಕೆಟ್ ಹಿಡಿದುಕೊಂಡು ಹೊರಗೆ ನಿಂತ ಹಾಗೆ ಅವಳಿಗೆ ಅನ್ನಿಸುತ್ತಿತ್ತು.

“ಅವಳು ಮೀಟೇ ತಿನ್ನಲ್ಲ,” ಎಂದ ಮಟೇಯೋ. “ಅವಳಿಗೆ ವರ್ಷ ಪೂರ್ತಿ ಲೆಂಟ್.”

“ನಾನೂ ಬಿಡ್ತೀನಿ,” ಎಂದಳು ಕವನಾ.

ಹೇಳಿದ ಮೇಲೆ ಏನು ಬಿಡುವುದು ಎಂದು ಯೋಚಿಸಿದಳು. ಬಬಲ್ ಟೀ? ಮಾವಿನಹಣ್ಣಿನ ಮಿಲ್ಕ್‌ಶೇಕ್? ಅಮ್ಮನ ಫೋನಿನಲ್ಲಿ ಆಡುವ ಗೇಮ್? ಒಂದೊಂದೂ ಮನಸ್ಸಿಗೆ ಬಂದು, ನನ್ನನ್ನು ಬಿಡಬೇಡ ಎನ್ನುವಂತೆ ನಿಂತಿತು. ಅಷ್ಟರಲ್ಲಿ ತಾತನ ಕತೆ ನೆನಪಾಯಿತು.

ಕಾಶಿಗೆ ಹೋದವರು ಅಲ್ಲಿ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರಬೇಕು. ಬಿಟ್ಟದ್ದನ್ನು ಮತ್ತೆ ಬದುಕಿರುವ ತನಕ ತಿನ್ನುವ ಹಾಗಿಲ್ಲ. ಅಜ್ಜಿಯೂ ತಾತನೂ ಎಷ್ಟೋ ವರ್ಷದ ಹಿಂದೆ ಕಾಶಿಗೆ ಹೋಗಿದ್ದರು. ಅಜ್ಜಿ ಬದನೆಕಾಯಿ ಬಿಟ್ಟರು. ತಾತ ಬಿಟ್ಟದ್ದು ಬೇರೆ.

“ಬಿಟರ್ ಮೆಲನ್,” ಎಂದಳು ಕವನಾ.

ಮಿಸೆಸ್ ಡೋನವನ್ ಹುಬ್ಬು ಏರಿಸಿದರು. “ಅದು ಯಾವ ಮೆಲನ್? ವಾಟರ್‌ಮೆಲನ್ ತರಹಾನಾ?”

“ಅದಕ್ಕಿಂತ ಚಿಕ್ಕದು.”

“ನಿನಗೆ ತುಂಬಾ ಇಷ್ಟಾನಾ?”

“ಮನೇಲಿ ವಾರ ವಾರ ಮಾಡ್ತಾರೆ.”

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಚಾಕೊಲೇಟಿನ ಬಣ್ಣವನ್ನೂ ಬಿಡದೆ ಕೇಳಿದ ಟೀಚರು ಇದನ್ನು ಮತ್ತೆ ಕೇಳಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು, “ಥ್ಯಾಂಕ್ಯೂ ಕವನಾ,” ಎಂದರು. ಅವರ ಕಣ್ಣು ಸ್ವಲ್ಪ ಒದ್ದೆಯಾದ ಹಾಗಿತ್ತು.

ಲಂಚ್‌ನಲ್ಲಿ ಲಿನ್ ಪಕ್ಕಕ್ಕೆ ಬಂದು ಕೂತಳು. ಅವಳ ಮನೆಯವರು ವಿಯೆಟ್ನಾಮ್ ಕಡೆಯವರು. ಕ್ಲಾಸಿನಲ್ಲಿ ಬಿಟರ್ ಮೆಲನ್, ಅಂದರೆ ಹಾಗಲಕಾಯಿ, ಏನೆಂದು ಗೊತ್ತಿದ್ದದ್ದು ಕವನಾಳನ್ನು ಬಿಟ್ಟರೆ ಅವಳೊಬ್ಬಳಿಗೇ.

“ನಿಂಗೆ ನಿಜವಾಗ್ಲೂ ಅದು ಇಷ್ಟಾನಾ?”

ಕವನಾ ಮೊಸರನ್ನ ನುಂಗಿದಳು. “ಹೂಂ.”

“ನಮ್ಮ ಗ್ರ್ಯಾಂಡ್‌ಮಾ ಅದರ ಸೂಪ್ ಮಾಡ್ತಾರೆ. ಅವರೊಬ್ರೇ ಕುಡೀತಾರೆ. ಈಗಿನ ಮಕ್ಕಳು ಯಾರೂ ತಿನ್ನಲ್ಲ ಅಂತ ಬೇಜಾರು ಅವರಿಗೆ.” ಲಿನ್ ಕಣ್ಣು ಅರಳಿಸಿದಳು. “ಇವತ್ತೇ ಹೇಳ್ತೀನಿ, ನನ್ನ ಫ್ರೆಂಡ್ ತಿಂತಾಳೆ ಅಂತ.”

ಸಂಜೆ ಬಾಗಿಲು ತೆಗೆದ ಅಜ್ಜಿ ಸುಮಿತ್ರಮ್ಮ ಮೊಮ್ಮಗಳ ಹಣೆ ನೋಡಿ ಅಲ್ಲೇ ನಿಂತರು. ಮೈಸೂರಿನಿಂದ ಈ ದೇಶಕ್ಕೆ ಬಂದು ಅವರಿಗೆ ಆಗಿನ್ನೂ ಎರಡು ತಿಂಗಳು.

“ಇದೇನೇ ಮಸಿ?”

“ಮಸಿ ಅಲ್ಲ ಅಜ್ಜಿ, ಆಶ್. ಚರ್ಚಲ್ಲಿ ಹಾಕಿದ್ರು.”

“ಬೂದಿನಾ? ನಮ್ಮನೇಲಿ ನಾಮ ಕಣೆ, ಬೂದಿ ಇಡೋ ಪದ್ಧತಿ ಇಲ್ಲ.” ಅಜ್ಜಿ ಸೆರಗಿನ ತುದಿ ಹಿಡಿದು ಒರೆಸಲು ಬಂದವರು ಕೈ ಹಿಂದೆ ತೆಗೆದುಕೊಂಡರು. “ಇರ್ಲಿ ಬಿಡು. ಯಾವ ದೇವರದಾದ್ರೂ ಒರೆಸಬಾರದು.”

ಒಳಗೆ ಅಮ್ಮ ಯಾಮಿನಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಕವನಾಳನ್ನು ಆ ಸ್ಕೂಲಿಗೆ ಸೇರಿಸಿದ್ದು ಅಮ್ಮನೇ. ಅಮ್ಮ ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ಇದ್ದರೆ ಮಕ್ಕಳಿಗೆ ಶಿಸ್ತು ತಾನಾಗಿ ಬರುತ್ತದೆ ಎಂದು ಅವಳ ನಂಬಿಕೆ. ಅಡ್ಮಿಷನ್ ಆದ ಮೇಲೆ ನೋಡಿದರೆ ಇಡೀ ಸ್ಕೂಲಿನಲ್ಲಿ ಒಬ್ಬರೂ ಸಿಸ್ಟರ್ ಇರಲಿಲ್ಲ.

ಕವನಾ ಲೆಂಟ್ ಎಂದರೇನು ಎಂದು ವಿವರಿಸಿದಳು. ಶುಕ್ರವಾರ ಮಾಂಸ ತಿನ್ನಬಾರದು, ಆದರೆ ಮೀನು ತಿನ್ನಬಹುದು ಎಂದಳು.

“ಮೀನು ಮಾಂಸ ಅಲ್ವಂತಾ?” ಎಂದರು ಅಜ್ಜಿ.

“ಏಕಾದಶಿ ಉಪವಾಸದ ದಿನ ನೀವು ಉಪ್ಪಿಟ್ಟು ತಿನ್ನಲ್ವಾ, ಹಾಗೇ,” ಎಂದಳು ಅಮ್ಮ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ. ಅಜ್ಜಿ ಮೀನಿನ ವಿಚಾರ ಅಲ್ಲಿಗೇ ಬಿಟ್ಟರು.

“ನೀನೇನು ಬಿಟ್ಟೆ?” ಎಂದು ಮೊಮ್ಮಗಳನ್ನು ಕೇಳಿದರು.

“ಬಿಟರ್ ಗೋರ್ಡ್. ಹಾಗಲಕಾಯಿ.”

ಅಜ್ಜಿ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಕ್ಕರು. “ಸರಿಯಾಗಿ ತಾತನ ಮೊಮ್ಮಗಳು. ಅವರು ಕಾಶಿಯಲ್ಲಿ ಹಾಗಲಕಾಯಿ ಬಿಟ್ಟು, ಗಂಗೆಯಲ್ಲಿ ಮೂರು ಮುಳುಗು ಹಾಕಿ, ಜಂಬದಿಂದ ಊರಿಗೆ ಬಂದ್ರು. ಬಂದ ಮೇಲೆ ಡಾಕ್ಟ್ರು ಮೈಸೂರ್‌ಪಾಕು ಬಿಡಿಸಿದ್ರು. ಸಕ್ಕರೆ ಕಾಯಿಲೆ. ದಿನಾ ಹಾಗಲಕಾಯಿ ರಸ ಕುಡೀರಿ ಅಂದ್ರು. ಇವರು, ಆಗಲ್ಲ ಸ್ವಾಮಿ, ಕಾಶೀಲಿ ಬಿಟ್ಟಿದೀನಿ ಅಂತ ಕೂತ್ರು.”

ಅಮ್ಮನೂ ನಕ್ಕಳು. ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಅಜ್ಜಿ ಸೌಟು ಕೈಗೆತ್ತಿಕೊಳ್ಳುತ್ತಾ ಒಂದು ಮಾತು ಕೇಳಿದರು.

“ಅಲ್ವೇ, ಅವರ ದೇವರಿಗೆ ಹಾಗಲಕಾಯಿ ಗೊತ್ತಿಲ್ಲ ಅಂದ್ಕೊಂಡ್ಯಾ?”

“ಇಟ್ಸ್ ಜಸ್ಟ್ ಎ ಕ್ಲಾಸ್ ಥಿಂಗ್, ಅಜ್ಜಿ.”

“ಹಾಗಂತೀಯಾ,” ಎಂದು ಅಜ್ಜಿ ಹಾಗಲಕಾಯಿ ಗೊಜ್ಜಿನ ಪಾತ್ರೆಯನ್ನು ಅವಳ ತಟ್ಟೆಯಿಂದ ದೂರ ಸರಿಸಿದರು. ಬಿಟ್ಟ ಮೇಲೆ ಬಿಟ್ಟ ಹಾಗೆ. “ಎರಡು ತುಂಡಾದ್ರೂ ತಿನ್ನು” ಎನ್ನುವ ಮಾತು ಆ ರಾತ್ರಿ ಯಾರ ಬಾಯಿಂದಲೂ ಬರಲಿಲ್ಲ. ಕವನಾಳ ಲೆಂಟ್ ಬಹಳ ಸುಖವಾಗಿ ಶುರುವಾಯಿತು.

ಮಟೇಯೋಗೆ ಅಷ್ಟು ಸುಖ ಇರಲಿಲ್ಲ. ಲೆಂಟ್‌ನಲ್ಲಿ ಭಾನುವಾರಗಳು ಲೆಕ್ಕಕ್ಕೆ ಬರುವುದಿಲ್ಲ ಎಂದು ಅವನಿಗೆ ಅವನ ಅಣ್ಣ ಹೇಳಿಕೊಟ್ಟಿದ್ದ. ಸೋಮವಾರಗಳಲ್ಲಿ ಅವನು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದ.

ಶುಕ್ರವಾರ ಕ್ರಾಸ್‌ರೋಡ್ಸ್‌ನಲ್ಲಿ ಲಿನ್ ನೀರು ತೆಗೆದುಕೊಂಡಳು. ಕವನಾಳ ಬಬಲ್ ಟೀ ಗ್ಲಾಸಿನಲ್ಲಿ ಸಬ್ಬಕ್ಕಿಯ ಕಪ್ಪು ಗುಂಡುಗಳು ಒಂದರ ಹಿಂದೆ ಒಂದು ಸ್ಟ್ರಾ ಹತ್ತುವುದನ್ನೇ ನೋಡಿದಳು.

“ನಾನೂ ನೀರೇ ಕುಡೀಲಾ?” ಎಂದು ಕೇಳಿದಳು ಕವನಾ.

“ಬೇಡ. ನಿಂದೇ ನಿಂಗೆ ಕಷ್ಟ ಇದೆಯಲ್ಲ. ಮನೇಲಿ ಎಲ್ಲಾರೂ ನಿನ್ನ ಮುಂದೆ ಕೂತು ಅದನ್ನೇ ತಿಂತಿರ್ತಾರೆ, ಪಾಪ.”

ಒಂದು ಗುಂಡು ಕವನಾಳ ಗಂಟಲಲ್ಲಿ ಸಿಕ್ಕಿಕೊಂಡಿತು. ಲಿನ್ ಬೆನ್ನು ತಟ್ಟಿದಳು.

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಆದರೆ ಮಿಸೆಸ್ ಡೋನವನ್‌ಗೆ ಈ ಸಂಗತಿ ತುಂಬಾ ಹಿಡಿಸಿತ್ತು. ಅವರು ಅಸೆಂಬ್ಲಿಯಲ್ಲಿ ಹೇಳಿದರು. ಫಾದರ್‌ಗೆ ಹೇಳಿದರು. ಫಾದರ್ ಬಂದು ಕವನಾಳ ಕೈ ಕುಲುಕಿದರು. ನಮ್ಮ ಚರ್ಚಿನವಳೂ ಅಲ್ಲ, ಆದರೂ ಎಂಥ ತ್ಯಾಗ ಎಂದರು. ಎರಡನೇ ಕ್ಲಾಸಿನ ಮಕ್ಕಳು ಅವಳನ್ನು ಕಾರಿಡಾರಿನಲ್ಲಿ ಬೆರಳು ಮಾಡಿ ತೋರಿಸತೊಡಗಿದರು, “ದಟ್ಸ್ ದಿ ಮೆಲನ್ ಗರ್ಲ್.”

ಈಸ್ಟರ್ ಹತ್ತಿರ ಬಂದಾಗ ಚರ್ಚಿನ ಮೂರ್ತಿಗಳಿಗೆಲ್ಲ ನೇರಳೆ ಬಟ್ಟೆ ಮುಚ್ಚಿದರು. ಅದು ಅಲ್ಲಿಯ ಪದ್ಧತಿ. ಸಂತ ಜೋಸೆಫ್, ಸಂತ ಅಂತೋಣಿ, ಮರಿಯಮ್ಮ, ಎಲ್ಲರೂ ಹೊದ್ದುಕೊಂಡು ನಿಂತಿದ್ದರು. ಟೀಚರು ಹೇಳುತ್ತಿದ್ದ ಕತೆಗಳಲ್ಲಿ ಒಬ್ಬ ಸಂತ ಮನೆ ಬಿಟ್ಟಿದ್ದ, ಒಬ್ಬ ಹಾಕಿಕೊಂಡ ಬಟ್ಟೆಯನ್ನೇ ಬಿಚ್ಚಿ ಕೊಟ್ಟಿದ್ದ. ಬೇಡದ ತರಕಾರಿ ಬಿಟ್ಟ ಸಂತ ಒಬ್ಬನೂ ಇರಲಿಲ್ಲ. ಸದ್ಯ, ಬಟ್ಟೆ ಹೊದ್ದ ಇವರು ಯಾರೂ ನನ್ನನ್ನು ನೋಡುತ್ತಿಲ್ಲ ಎಂದು ಕವನಾಗೆ ಸಮಾಧಾನವಾಯಿತು.

ಆ ಶನಿವಾರ ಲಿನ್ ಆಡಲು ಮನೆಗೆ ಬಂದಳು. ಅಜ್ಜಿ ಒಲೆಯ ಮುಂದೆ ಹಾಗಲಕಾಯಿ ಹುರಿಯುತ್ತಿದ್ದರು. ಲಿನ್ ಮೂಗು ಮೇಲೆತ್ತಿ ವಾಸನೆ ನೋಡಿದಳು.

“ನಮ್ಮ ಗ್ರ್ಯಾಂಡ್‌ಮಾ ಮನೆ ತರಹಾನೇ ಇದೆ.”

ಅಜ್ಜಿಗೆ ಸಂತೋಷವಾಯಿತು. ತಟ್ಟೆಯಲ್ಲಿ ನಾಲ್ಕು ತುಂಡು ಹಾಕಿ ಕೊಟ್ಟರು. “ಈಟ್, ಈಟ್. ಗುಡ್ ಫಾರ್ ಹೆಲ್ತ್. ದಿಸ್ ಗರ್ಲ್, ನೆವರ್ ಟಚಿಂಗ್. ಸ್ಮಾಲ್ ಬೇಬಿಯಿಂದ ನೆವರ್.”

“ಅಜ್ಜಿ,” ಎಂದಳು ಕವನಾ. ತಡವಾಗಿತ್ತು.

“ನೆವರ್?” ಎಂದು ಕೇಳಿದಳು ಲಿನ್.

“ನೆವರ್,” ಎಂದು ಅಜ್ಜಿ ಕೈ ಆಡಿಸಿ ನಕ್ಕರು.

ಲಿನ್ ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಕೂಗಾಡಲಿಲ್ಲ. ಜಾಕೆಟ್ ಹಾಕಿಕೊಂಡಳು. ಕವನಾ ಮೆಟ್ಟಿಲವರೆಗೂ ಹಿಂದೆಯೇ ಹೋದಳು.

“ನಾನು ಗ್ರ್ಯಾಂಡ್‌ಮಾಗೆ ನಿನ್ನ ವಿಷ್ಯ ಹೇಳಿದೀನಿ,” ಎಂದಳು ಲಿನ್. “ಈಸ್ಟರ್ ಆದ್ಮೇಲೆ ನಿಂಗೋಸ್ಕರ ಸೂಪ್ ಮಾಡ್ತೀನಿ ಅಂದಿದಾರೆ.”

“ಸಾರಿ.”

ಲಿನ್ ಜಿಪ್ ಎಳೆದುಕೊಂಡಳು.

“ಎಲ್ಲಾರಿಗೂ ಹೇಳ್ತೀಯಾ?”

“ಅದು ನನ್ನ ಕೆಲಸ ಅಲ್ಲ,” ಎಂದು ಲಿನ್ ಮೆಟ್ಟಿಲಿಳಿದು ಹೋದಳು.

ಆಮೇಲೆ ಲಿನ್ ಬೇರೆ ಟೇಬಲ್ಲಿನಲ್ಲಿ ಲಂಚ್ ಮಾಡತೊಡಗಿದಳು. ಶುಕ್ರವಾರ ಅವಳ ಅಮ್ಮನ ಕಾರಿನಲ್ಲಿ ಕವನಾಗೆ ಜಾಗ ಇರಲಿಲ್ಲ. ಹೀಗೆ ಕವನಾಗೂ ಬಬಲ್ ಟೀ ನಿಂತಿತು. ತಾನಾಗಿ ಬಿಟ್ಟದ್ದಲ್ಲವಾದ್ದರಿಂದ ಅದನ್ನು ಯಾರೂ ಹೊಗಳಲಿಲ್ಲ.

ಒಂದು ದಿನ ಅವಳು ಧೈರ್ಯ ಮಾಡಿ ಟೀಚರ ಮೇಜಿನ ಹತ್ತಿರ ಹೋದಳು. “ಮಿಸೆಸ್ ಡೋನವನ್, ಆ ಮೆಲನ್ ವಿಷ್ಯ…”

“ಗೊತ್ತು ಕವನಾ, ಗೊತ್ತು,” ಎಂದು ಅವರು ಅವಳ ಭುಜ ಹಿಡಿದರು. “ಕೊನೆಯ ವಾರ ತುಂಬಾ ಕಷ್ಟ. ಇನ್ನು ಸ್ವಲ್ಪ ದಿನ ತಡ್ಕೋ.”

ಕವನಾ ಮನೆಗೆ ಬಂದಾಗ ಅಜ್ಜಿ ಅಪ್ಪನ ಆಫೀಸಿನವರ ಊಟಕ್ಕೆಂದು ದೊಡ್ಡ ಪಾತ್ರೆಯಲ್ಲಿ ವಾಂಗಿಬಾತ್ ಕಲೆಸುತ್ತಿದ್ದರು. ಮನೆ ತುಂಬಾ ಘಮಘಮ.

“ಬಾ ಇಲ್ಲಿ, ಉಪ್ಪು ನೋಡು. ನಾನು ನೋಡೋ ಹಾಗಿಲ್ಲ.”

ಕವನಾ ನೋಡಿದಳು. “ಪರ್ಫೆಕ್ಟ್. ಅಜ್ಜಿ, ಕಾಶಿ ಇಲ್ಲಿಂದ ಎಷ್ಟು ದೂರ. ಒಂದು ತುತ್ತು ತಿಂದ್ರೆ ಏನಾಗುತ್ತೆ?”

ಅಜ್ಜಿ ಪಾತ್ರೆಯನ್ನೇ ನೋಡಿದರು. “ಎಷ್ಟೋ ವರ್ಷ ಆಯ್ತಲ್ಲೇ. ಈಗ ತಿಂದು, ಅವತ್ತಿನ ರುಚಿ ಇಲ್ದೇ ಹೋದ್ರೆ ನಾನೇನ್ ಮಾಡ್ಲಿ?”

ಅಜ್ಜಿಗೆ ಈಗಲೂ ಬದನೆಕಾಯಿ ಬೇಕು ಅನ್ನಿಸುತ್ತದೆ ಎಂದು ಕವನಾಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ಈಸ್ಟರ್ ಆಯಿತು. ಅದರ ಹಿಂದೆಯೇ ಒಂದು ವಾರ ರಜ. ರಜ ಮುಗಿದು ಸ್ಕೂಲಿಗೆ ಹೋದರೆ ಕ್ಲಾಸಿನಲ್ಲಿ ಡೆಸ್ಕುಗಳನ್ನು ಸೇರಿಸಿ ಉದ್ದನೆಯ ಮೇಜು ಮಾಡಿದ್ದರು.

“ಸರ್ಪ್ರೈಸ್,” ಎಂದರು ಮಿಸೆಸ್ ಡೋನವನ್. “ನೀವು ಏನೇನು ಬಿಟ್ಟಿದ್ರೋ ಅದೆಲ್ಲಾ ಇವತ್ತು ಇಲ್ಲಿದೆ.”

ಮಟೇಯೋ ಮುಂದೆ ಚಾಕೊಲೇಟ್ ಮೊಟ್ಟೆಗಳ ಬುಟ್ಟಿ. ಲಿನ್ ಮುಂದೆ ಎತ್ತರದ ಗ್ಲಾಸಿನಲ್ಲಿ ಬಬಲ್ ಟೀ. ಕವನಾಳ ಮುಂದೆ ಮುಚ್ಚಳ ಹಾಕಿದ ಒಂದು ನೀಲಿ ಡಬ್ಬಿ.

ಅವಳು ಡಬ್ಬಿಯನ್ನು ಬೆರಳಿನಿಂದ ಒಂದಿಷ್ಟು ದೂರ ತಳ್ಳಿದಳು.

“ಇದನ್ನ ಹುಡುಕೋದೇ ಕಷ್ಟ ಆಯ್ತು,” ಎಂದರು ಟೀಚರು. ಖುಷಿಯಿಂದ ಅವರ ಕೆನ್ನೆ ಕೆಂಪಾಗಿತ್ತು. “ನಮ್ಮನೆ ಹತ್ತಿರ ಸಿಗಲಿಲ್ಲ. ಪಕ್ಕದೂರು ರೆಂಟನ್‌ವರೆಗೂ ಹೋದೆ. ಅಂಗಡಿಯಾಕೆ ನನಗೆ ಏನೋ ಹೇಳೋಕೆ ನೋಡಿದ್ರು, ಅರ್ಥ ಆಗ್ಲಿಲ್ಲ. ಮೆಲನ್ ಅಲ್ವಾ, ಅದಕ್ಕೇ ಫ್ರೂಟ್ ಸಾಲಡ್ ಮಾಡಿದೀನಿ.”

ಕವನಾ ಮುಚ್ಚಳ ತೆಗೆದಳು. ಹಸಿ ಹಾಗಲಕಾಯಿಯ ಬಿಲ್ಲೆಗಳು. ನಡುವೆ ಸ್ಟ್ರಾಬೆರಿ. ಮೇಲೆ ಜೇನುತುಪ್ಪ.

ಕ್ಲಾಸೆಲ್ಲ ಸುತ್ತ ಬಂದು ನಿಂತಿತು. ಇಷ್ಟು ದಿನ ಕೇಳಿದ್ದ ಮೆಲನ್ ಇದೇ ಎಂದು ಬಗ್ಗಿ ನೋಡಿದರು. ಮಟೇಯೋ ಯಾರನ್ನೂ ಕೇಳದೆ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡ. ಅಗಿದ. ನಿಂತ. ಮೂಲೆಯಲ್ಲಿದ್ದ ಕಸದ ಬುಟ್ಟಿಯ ಕಡೆ ಓಡಿದ.

“ಇದನ್ನ ನಲವತ್ತೇ ದಿನ ಬಿಟ್ಟಿದ್ದಾ?” ಎಂದ ಬಾಯಿ ಒರೆಸಿಕೊಳ್ಳುತ್ತಾ. “ನಾನು ಲೈಫ್ ಪೂರ್ತಿ ಬಿಡ್ತೀನಿ.”

ಎಲ್ಲರೂ ನಕ್ಕರು.

“ಬೇರೆಯವರ ಮನೆ ಊಟಕ್ಕೆ ಹಾಗೆಲ್ಲ ಅನ್ನಬಾರದು,” ಎಂದು ಮಿಸೆಸ್ ಡೋನವನ್ ಒಂದು ಫೋರ್ಕ್ ತೆಗೆದುಕೊಂಡು ತಾವೂ ಒಂದು ಬಿಲ್ಲೆ ತಿಂದರು.

ಅವರ ದವಡೆ ನಿಂತಿತು. ಕಣ್ಣಿನಲ್ಲಿ ನೀರು ಬಂತು. ಅವರು ಕವನಾಳನ್ನು ನೋಡಿದರು. ಬೋರ್ಡಿನ ಮೇಲಿನ ಕಷ್ಟದ ಲೆಕ್ಕವೊಂದರ ಉತ್ತರ ಹೊಳೆದಾಗ ನೋಡುವ ಹಾಗೆ ನೋಡಿದರು.

ಈಗ ಕೇಳುತ್ತಾರೆ ಎಂದುಕೊಂಡಳು ಕವನಾ.

ಅವರು ಕೇಳಲಿಲ್ಲ. ಮತ್ತೆ ಅಗಿಯತೊಡಗಿದರು. ನುಂಗಿದರು. “ರುಚಿ ಬೇರೆ ತರಹ ಇದೆ, ಅಷ್ಟೇ,” ಎಂದು ಮಕ್ಕಳಿಗೆ ಹೇಳಿ, ಇನ್ನೊಂದು ಬಿಲ್ಲೆಗೆ ಫೋರ್ಕ್ ಚುಚ್ಚಿದರು. ಅದನ್ನೂ ತಿಂದರು. ಮೂರನೆಯದಕ್ಕೆ ಕೈ ಹಾಕಿದರು.

ಅವರಿಗೆ ಗೊತ್ತಾಗಿದೆ. ಗೊತ್ತಾದರೂ ತಿನ್ನುತ್ತಿದ್ದಾರೆ. ಕ್ಲಾಸು ಕವನಾಳನ್ನು ನೋಡಿ ನಗಬಾರದು ಎಂದು ಡಬ್ಬಿ ಪೂರ್ತಿ ಬೇಕಾದರೂ ತಿಂದುಬಿಡುತ್ತಾರೆ.

ಮೇಜಿನ ಆಚೆ ಲಿನ್ ಕೂತಿದ್ದಳು. ಅವಳು ಇನ್ನೂ ಸ್ಟ್ರಾ ಚುಚ್ಚಿರಲಿಲ್ಲ.

“ತಿನ್ಬೇಡಿ,” ಎಂದಳು ಕವನಾ.

“ಯಾಕೆ?”

“ನಂಗೆ ಇದು ಇಷ್ಟ ಇಲ್ಲ. ಯಾವತ್ತೂ ಇರ್ಲಿಲ್ಲ. ಒಂದು ಸಲಾನೂ ಪೂರ್ತಿ ತಿಂದಿಲ್ಲ.”

ಮಿಸೆಸ್ ಡೋನವನ್ ಫೋರ್ಕ್ ಕೆಳಗಿಟ್ಟರು.

“ಥ್ಯಾಂಕ್ ಗಾಡ್,” ಎಂದು ಒಂದು ಗ್ಲಾಸ್ ನೀರನ್ನು ಗಟಗಟ ಕುಡಿದರು.

“ಹಾಗಾದ್ರೆ ನೀನು ಏನೂ ಬಿಟ್ಟೇ ಇಲ್ಲ,” ಎಂದ ಮಟೇಯೋ.

“ಇಲ್ಲ.”

ಮಟೇಯೋ ತನ್ನ ಚಾಕೊಲೇಟ್ ಬುಟ್ಟಿಯ ಕಡೆ ತಿರುಗಿದ. “ನಾನು ಭಾನುವಾರ ಭಾನುವಾರ ತಿಂದಿದೀನಿ,” ಎಂದ.

“ಅದು ನನಗೆ ಸೋಮವಾರ ಸೋಮವಾರ ಗೊತ್ತಾಗ್ತಿತ್ತು,” ಎಂದರು ಮಿಸೆಸ್ ಡೋನವನ್.

ಮಕ್ಕಳು ತಮ್ಮ ತಮ್ಮ ತಿಂಡಿಯ ಕಡೆ ಹೋದರು. ಚಿಪ್ಸ್ ಪೊಟ್ಟಣ ಒಡೆದ ಸದ್ದು. ಟೀಚರು ಕವನಾಳ ತಲೆಯ ಮೇಲೆ ಒಂದು ಕ್ಷಣ ಕೈ ಇಟ್ಟು, ಇನ್ನೊಂದು ಗ್ಲಾಸ್ ನೀರು ತರಲು ಹೋದರು. ಬೈಯಲೂ ಇಲ್ಲ, ಹೊಗಳಲೂ ಇಲ್ಲ.

ಡಬ್ಬಿ ಹಾಗೇ ಇತ್ತು. ಬಿಲ್ಲೆಗಳನ್ನೆಲ್ಲ ಒಂದೇ ದಪ್ಪಕ್ಕೆ ಕತ್ತರಿಸಿದ್ದರು. ಒಂದೊಂದರಿಂದಲೂ ಬೀಜ ತೆಗೆದಿದ್ದರು.

ಕವನಾ ಒಂದನ್ನು ಬಾಯಿಗೆ ಹಾಕಿಕೊಂಡಳು. ಮೊದಲು ಜೇನುತುಪ್ಪ ಹೋಯಿತು. ಆಮೇಲೆ ಬರೀ ಕಹಿ ಉಳಿಯಿತು. ಅವಳು ಅಗಿದಳು.

ಪಕ್ಕದಲ್ಲಿ ಕುರ್ಚಿ ಎಳೆದ ಸದ್ದಾಯಿತು. ಲಿನ್ ಗ್ಲಾಸು ಹಿಡಿದುಕೊಂಡು ಬಂದು ಕೂತಳು.

“ಈಗ ಯಾಕೆ ತಿಂತಿದೀಯಾ? ಲೆಂಟ್ ಮುಗೀತಲ್ಲ. ಇದು ಯಾವುದಕ್ಕೂ ಲೆಕ್ಕ ಇಲ್ಲ.”

“ಗೊತ್ತು,” ಎಂದು ಕವನಾ ಇನ್ನೊಂದು ಬಿಲ್ಲೆ ತೆಗೆದುಕೊಂಡಳು.

ಲಿನ್ ತನ್ನ ಗ್ಲಾಸಿಗೆ ಸ್ಟ್ರಾ ಚುಚ್ಚಿದಳು. ಎದ್ದು ಹೋಗಲಿಲ್ಲ.